ಹೋಡಿ ಕಟ್ಟಿದವನು

ಆ ಹೋಡಿಯನ್ನು ಕಟ್ಟಿದವನು ನಾನು. ಪಾಂಡು ಅಲ್ಲ.

ಇಷ್ಟನ್ನು ಬರೆಯುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು. ಬರೆದ ಮೇಲೆ ಎದ್ದುಹೋಗಿ ಚಹಾ ಮಾಡಿಕೊಂಡೆ, ಗ್ಯಾಲರಿಯಲ್ಲಿ ನಿಂತು ಕುಡಿದೆ, ಕೆಳಗಡೆ ನಳದ ಹತ್ತಿರ ನಡೆದ ಜಗಳವನ್ನು ಕೊನೆಯವರೆಗೂ ನೋಡಿದೆ. ತಿರುಗಿ ಬಂದರೆ ಆ ಎರಡು ಸಾಲು ಅಲ್ಲೇ ಇದ್ದವು. ಇನ್ನು ಮುಂದೆ ಬರೆಯಲೇಬೇಕು.

ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ತೊಳೆದ ತಾಟನ್ನು ಯಾರೂ ಬೋರಲು ಹಾಕಿ ಇಡಬಾರದು, ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಮದುವೆಯಾದ ಹೊಸದರಲ್ಲಿ ಹೆಂಡತಿ ಕಾರಣ ಕೇಳಿದ್ದಳು. ನಮ್ಮ ಮನೆತನದ ಪದ್ಧತಿ ಎಂದೆ. ಅವಳೂ ವಿಜಾಪುರದ ಕಡೆಯವಳೇ; ಅಂಥ ಪದ್ಧತಿ ಯಾವ ಮನೆತನದಲ್ಲೂ ಇಲ್ಲವೆಂದು ಅವಳಿಗೆ ಗೊತ್ತು. ಗಂಡಂದಿರಿಗೆ ಒಂದೊಂದು ಹುಚ್ಚು ಇರುತ್ತದೆ ಎಂದು ಬಿಟ್ಟುಬಿಟ್ಟಳು. ಈಗ ಏಳು ವರ್ಷದ ಮಗಳು ಕೂಡ ತನ್ನ ತಾಟನ್ನು ತೊಳೆದು ಗೋಡೆಗೆ ನಿಲ್ಲಿಸುತ್ತಾಳೆ. ಡೊಂಬಿವಲಿಯ ಈ ಚಾಳಿನ ಹತ್ತೂ ಖೋಲಿಗಳಲ್ಲಿ ಈ ನೇಮ ಇರುವುದು ನಮ್ಮೊಬ್ಬರ ಮನೆಯಲ್ಲಿ. ಅದು ಪಾಂಡುವಿನಿಂದ ಬಂದದ್ದು.

ನಾನು ಊರು ಬಿಟ್ಟು ಬಂದಾಗ ನನಗೆ ಇಪ್ಪತ್ತು. ವಾಶಿಯ ಸೇತುವೆ ಆಗಿ ಮೂರು ನಾಲ್ಕು ವರ್ಷವಾಗಿತ್ತು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ಹೊಸ ನಗರ ಏಳುತ್ತದೆ, ಕೈಕಾಲು ಗಟ್ಟಿ ಇದ್ದವರಿಗೆ ಕೆಲಸವಿದೆ ಎಂದು ಯಾರೋ ಹೇಳಿದ್ದರು. ಬೇಲಾಪುರದ ಗುಡ್ಡದ ಹತ್ತಿರ ಕಲ್ಲಿನ ಕ್ವಾರಿಯಲ್ಲಿ ಖಡಿ — ಜಲ್ಲಿಕಲ್ಲು — ಹೊರುವ ಕೆಲಸ ಸಿಕ್ಕಿತು. ಜೊತೆಗಿದ್ದವರೆಲ್ಲ ತಮ್ಮತಮ್ಮಲ್ಲಿ ತೆಲುಗು ಆಡುವವರು, ಕೆಲಸ ಮಾಡಿಸುವ ಮುಕಾದಮ ಬೈಯುತ್ತಿದ್ದದ್ದು ಹಿಂದಿಯಲ್ಲಿ. ಆರು ತಿಂಗಳು ನಾನು ಕನ್ನಡದಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಬುಟ್ಟಿ ಹೊತ್ತು ನಡೆಯುವಾಗ ನನ್ನಷ್ಟಕ್ಕೆ ನಾನೇ ಅವ್ವನ ಜೊತೆ, ತಂಗಿಯ ಜೊತೆ, ಬಿಟ್ಟುಬಂದ ಎತ್ತುಗಳ ಜೊತೆ ಮಾತಾಡುತ್ತಿದ್ದೆ. ಒಮ್ಮೊಮ್ಮೆ ಉತ್ತರವನ್ನೂ ನಾನೇ ಕೊಟ್ಟುಕೊಳ್ಳುತ್ತಿದ್ದೆ. ಹೀಗೇ ಇನ್ನೊಂದು ವರ್ಷ ಕಳೆದರೆ ತಲೆ ಕೆಡುತ್ತದೆ ಎಂದು ಹೆದರಿಕೆಯಾಗುತ್ತಿತ್ತು — ನಿಜವಾಗಿ ಹೆದರಿಕೆ.

ಒಂದು ದಿನ ಬಂದರಿನಲ್ಲಿ ನಿಂತಿದ್ದ ಒಂದು ಸಣ್ಣ ಮಚವೆಗೆ ಖಡಿ ತುಂಬಿಸಲು ನಮ್ಮನ್ನು ಕಳಿಸಿದರು. ಮಚವೆ ಎಂದರೆ ಹಾಯಿ ಕಟ್ಟಿ ನಡೆಸುವ ಸರಕಿನ ದೋಣಿ. ಅದರ ಮೇಲೆ ಒಬ್ಬ ಮುದುಕ ಗಂಟುಬಿದ್ದ ಹಗ್ಗದ ಜೊತೆ ಗುದ್ದಾಡುತ್ತಿದ್ದ.

“ಹಾಳಾದ್ ಹಗ್ಗ, ಕೈಗೇ ಸಿಕ್ಕೂದಿಲ್ಲ ಇದು!”

ನಾನು ಬುಟ್ಟಿಯನ್ನು ಅಲ್ಲೇ ಕೆಳಗೆ ಹಾಕಿದೆ. ಕಣ್ಣಲ್ಲಿ ನೀರು ಬಂದಿತ್ತು ಎಂದರೆ ನಗಬೇಡಿ. ಬೈಗುಳವೇ ಆಗಲಿ, ಕನ್ನಡ ಕನ್ನಡವೇ.

ಅವನು ಗಣಪು ತಂಡೇಲ, ಆ ದೋಣಿಯ ಯಜಮಾನಿಕೆ ಮಾಡುವವನು, ಹೊನ್ನಾವರದ ಕಡೆಯವನು. ದೋಣಿಯಲ್ಲಿ ಅವನನ್ನು ಬಿಟ್ಟರೆ ಒಬ್ಬನೇ ಆಳು — ಪಾಂಡು. ಮೂರನೆಯವನು ಜ್ವರ ಬಂದು ಊರಿಗೆ ಹೋಗಿದ್ದ. ತಂಡೇಲ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

“ನೀರಿನ ಕೆಲ್ಸ ಗೊತ್ತುಂಟಾ ತಮಾ?”

“ಗೊತ್ತೈತ್ರಿ ಕಾಕಾ. ಕೃಷ್ಣಾ ಹೊಳ್ಯಾಗ ಅಂಬಿಗರ ಕೂಡ ಎರಡು ವರ್ಷ ಹರಿಗೋಲು ಹಾಕೀನಿ.”

ಹರಿಗೋಲಿನಲ್ಲಿ ನಾನು ಕೂತದ್ದು ಒಂದೇ ಸಲ, ಅಕ್ಕನ ಮದುವೆಯ ದಿಬ್ಬಣದ ಜೊತೆ. ಅವತ್ತು ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಂಡೆ ಮುಟ್ಟುವ ತನಕ ಕಣ್ಣು ಮುಚ್ಚಿಕೊಂಡಿದ್ದೆ. ಮೊದಲನೆಯ ಸುಳ್ಳು ಇದು. ಇದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ, ಇದೊಂದಕ್ಕೇ ನಿಂತಿದ್ದರೆ.

ಪಾಂಡು ಬೇಲಾಪುರದ ಹತ್ತಿರದ ಕೋಳಿವಾಡೆಯವನು — ಮೀನುಗಾರರ ಕೇರಿಯವನು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನಿಗೆ ಮರಾಠಿ ಬಿಟ್ಟರೆ ಬೇರೆ ಮಾತು ಬಾರದು. ತಂಡೇಲನ ಜೊತೆ ಎಂಟು ವರ್ಷದಿಂದ ಇದ್ದ. ಮುಂದಿನ ಮಳೆಗಾಲ ಕಳೆದ ಮೇಲೆ ಚುಕ್ಕಾಣಿಯನ್ನು ಅವನ ಕೈಗೆ ಕೊಡುತ್ತೇನೆಂದು ತಂಡೇಲ ಮಾತು ಕೊಟ್ಟಿದ್ದ. ಪಾಂಡು ಇದನ್ನು ಹೊರಟ ಅರ್ಧ ಗಂಟೆಯೊಳಗೆ ನನಗೆ ಮೂರು ಸಲ ಹೇಳಿದ. ಕೈಯಲ್ಲಿ ಇಲ್ಲದ ಚುಕ್ಕಾಣಿಯನ್ನು ತಿರುಗಿಸಿ ತೋರಿಸಿ ಹೇಳಿದ. ಒಂದು ದಿನ ತಾನೂ ತಂಡೇಲನಾಗಬೇಕು — ಅವನಿಗೆ ಇದ್ದದ್ದು ಅದೊಂದೇ ಆಸೆ.

ಹೊರಡುವ ಮುಂಚೆ ಊಟಕ್ಕೆ ಕೂತಾಗ ತಂಡೇಲ ನನಗೊಂದು ಅಲ್ಯೂಮಿನಿಯಂ ತಾಟು ಕೊಟ್ಟು ದೋಣಿಯ ರೀತಿಯನ್ನು ಹೇಳಿದ. ಈ ದೋಣಿಯಲ್ಲಿ ಬೈಗುಳವಿಲ್ಲ, ಜಗಳವಿಲ್ಲ. ಒಬ್ಬನು ಬೇಡವಾದರೆ ಊಟದ ಹೊತ್ತಿಗೆ ಅವನ ತಾಟನ್ನು ತಂಡೇಲ ಬೋರಲು ಹಾಕುತ್ತಾನೆ. ಅದನ್ನು ಕಂಡವನು ಗಂಟು ಕಟ್ಟಿಕೊಂಡು ಆ ಬಂದರಿನಲ್ಲೇ ಇಳಿದು ಹೋಗಬೇಕು. ಏಕೆ ಎಂದು ಅವನು ಕೇಳುವಂತಿಲ್ಲ, ತಂಡೇಲ ಹೇಳುವಂತಿಲ್ಲ. ಮಾತಿಗೆ ಮಾತು ಬೆಳೆದರೆ ದೋಣಿಗೆ ಕೇಡು ಎಂದು ಅವನ ತಂದೆಯ ಕಾಲದಿಂದ ನಂಬಿಕೆಯಂತೆ. ತಾಟು ಬೋರಲಾದವನನ್ನು ಬೇರೆ ದೋಣಿಯವರೂ ಹತ್ತಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಎಷ್ಟು ಮರ್ಯಾದೆಯ ಪದ್ಧತಿ ಎಂದು ಅವತ್ತು ನನಗನಿಸಿತು — ಕ್ವಾರಿಯ ಮುಕಾದಮನ ಬಾಯಿಯನ್ನು ಕೇಳಿದ ಕಿವಿಗೆ.

ಇಳಿತದ ನೀರಿನ ಜೊತೆ ನಾವು ಖಾಡಿ ಬಿಟ್ಟೆವು. ಹೋಗಬೇಕಾದದ್ದು ಅಲಿಬಾಗಿನ ಆಚೆಯ ಒಂದು ಸಣ್ಣ ಬಂದರಿಗೆ. ಅಲ್ಲೊಂದು ರಸ್ತೆಯ ಕೆಲಸಕ್ಕೆ ಖಡಿ ಬೇಕಾಗಿತ್ತು. ಖಾಡಿಯೊಳಗೆ ಇರುವ ತನಕ ನಾನು ದೊಡ್ಡ ನಾವಿಕನೇ. ದೂರದಲ್ಲಿ ಮುಂಬಯಿಯ ಹಡಗುಗಳು ಸಾಲಾಗಿ ನಿಂತಿದ್ದನ್ನು ನೋಡಿ ತಂಗಿಗೆ ಬರೆಯುವ ಕಾಗದವನ್ನೂ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡೆ. ಬಯಲು ಸಮುದ್ರಕ್ಕೆ ಮೂತಿ ತಿರುಗಿದ ಮೇಲೆ ಆ ಕಾಗದವೂ ಹೋಯಿತು, ಉಂಡದ್ದೂ ಹೋಯಿತು. ಒಂದು ಕಡೆ ಸಣ್ಣ ಗೆರೆಯಾಗಿ ದಂಡೆ. ಇನ್ನೊಂದು ಕಡೆ ಏನೂ ಇಲ್ಲ. ನಮ್ಮೂರಿನ ಕಡೆಯೂ ಬಯಲು ದೊಡ್ಡದೇ, ಆದರೆ ಅದರಲ್ಲೊಂದು ಬೇವಿನ ಮರ ಇರುತ್ತದೆ, ಯಾರದೋ ಕುರಿ ಇರುತ್ತವೆ. ಇಲ್ಲಿ ಕಣ್ಣು ಊರುವುದಕ್ಕೆ ಜಾಗವೇ ಇಲ್ಲ. ಇಷ್ಟು ದೊಡ್ಡದರ ನಡುವೆ ನಾನು ಸತ್ತರೆ ಅವ್ವನಿಗೆ ಹೇಳುವವರು ಯಾರು ಎಂದು ಯೋಚಿಸಿದ್ದು ನೆನಪಿದೆ.

ಪಾಂಡು ನಗಲಿಲ್ಲ. ಚೀಲದಿಂದ ಒಣಗಿಸಿದ ಹುಳಿ ಮುರುಗಲ ಸಿಪ್ಪೆ ತೆಗೆದು ನನ್ನ ಬಾಯಿಗೆ ಹಾಕಿದ, ಚೀಪು ಎಂದ. ನನ್ನ ಸೊಂಟಕ್ಕೊಂದು ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಹಾಯಿಮರಕ್ಕೆ ಕಟ್ಟಿದ. ಬಿಗಿಯಾಗಿ ಅಲ್ಲ, ನಾನು ಎದ್ದು ಕೂತು ಮಾಡುವಷ್ಟು ಸಡಿಲ ಬಿಟ್ಟು ಕಟ್ಟಿದ. ಹೀಗೆ ಎರಡು ದಿನ. ನನ್ನ ಪಾಲಿನ ಕೆಲಸವನ್ನೂ ಅವನೇ ಮಾಡಿದ, ತಂಡೇಲನಿಗೆ ತಿಳಿಯದ ಹಾಗೆ.

ಮೂರನೆಯ ದಿನ ಬೆಳಿಗ್ಗೆ ಏಳರ ಸುಮಾರಿಗೆ ಆ ಬಂದರು ಮುಟ್ಟಿದೆವು. ನೀರು ಪೂರಾ ಇಳಿದಿತ್ತು. ಮಚವೆಯನ್ನು ದೂರದಲ್ಲೇ ಲಂಗರು ಹಾಕಿ ನಿಲ್ಲಿಸಿ ಮೂವರೂ ಹೋಡಿಯಲ್ಲಿ ದಂಡೆಗೆ ಬಂದೆವು. ಹೋಡಿ ಎಂದರೆ ಮಚವೆಯ ಹಿಂದೆ ಕಟ್ಟಿಕೊಂಡು ಬರುವ, ಮೂರು ಜನ ಕೂರುವ ಪುಟ್ಟ ದೋಣಿ. ಮಚವೆ ಯಾರೋ ಸೇಠನದು. ಹೋಡಿ ಮಾತ್ರ ತಂಡೇಲನ ಸ್ವಂತದ್ದು. ಅವನ ಅಪ್ಪ ಕೈಯಾರೆ ಮಾಡಿದ್ದು, ಹೊನ್ನಾವರದಿಂದ ಅವನ ಜೊತೆ ಬಂದದ್ದು. ಊರಿನಿಂದ ಅವನು ತಂದುಕೊಂಡಿದ್ದ ವಸ್ತು ಅದೊಂದೇ.

ತಂಡೇಲ ರಸ್ತೆಯ ಕಂತ್ರಾಟುದಾರನನ್ನು ಹುಡುಕಿಕೊಂಡು ಊರೊಳಗೆ ಹೋದ. ಪಾಂಡು ಗುಡ್ಡದಾಚೆಯ ದೂರದ ಬಾವಿಯಿಂದ ಕುಡಿಯುವ ನೀರು ತರಲು ಕೊಡಗಳನ್ನು ಎತ್ತಿಕೊಂಡ. ಹೋಡಿ ಕಟ್ಟುವುದು ಯಾವಾಗಲೂ ಅವನ ಕೆಲಸ. ಅವತ್ತು ಹಗ್ಗವನ್ನು ನನ್ನ ಕೈಗೆ ಕೊಟ್ಟ. ನಾನು ಎರಡು ದಿನ ಏನೂ ಮಾಡದೆ ಮುಖ ಸಣ್ಣದು ಮಾಡಿಕೊಂಡಿದ್ದು ಅವನಿಗೆ ಕಂಡಿರಬೇಕು. ಹೋಡಿಯ ಹತ್ತಿರವೇ ಕೂತಿರು ಎಂದ. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು ಮತ್ತೂ ಒಂದು ಮಾತು ಹೇಳಿದ:

“ಸೈಲ್ ಠೇವ್ ರೇ. ಪಾಣೀ ಚಢೇಲ್.”

ಸಡಿಲ ಬಿಡು, ನೀರು ಏರುತ್ತದೆ. ಅಷ್ಟು ಮರಾಠಿ ನನಗೆ ಆಗಲೇ ತಿಳಿಯುತ್ತಿತ್ತು. ತಿಳಿಯಲಿಲ್ಲ ಎಂದು ಬರೆಯಬಹುದಾಗಿತ್ತು — ಬರೆಯುವುದಿಲ್ಲ. ತಿಳಿಯಿತು. ಆದರೆ ಹುಟ್ಟಿದಾಗಿನಿಂದ ದನ ಕಟ್ಟಿದವನಿಗೆ ಇವನು ಹಗ್ಗ ಕಟ್ಟುವುದನ್ನು ಹೇಳಿಕೊಡುತ್ತಾನೆಯೇ ಎನಿಸಿತು. ಸಡಿಲ ಬಿಟ್ಟ ಎತ್ತು ಪಕ್ಕದವನ ಹೊಲಕ್ಕೆ ಹೋಗುತ್ತದೆ. ಅದು ನನಗೆ ಗೊತ್ತಿದ್ದ ವಿದ್ಯೆ. ನೀರು ಬೇಸಿಗೆಗೆ ಇಳಿಯುತ್ತದೆ, ಮಳೆಗಾಲಕ್ಕೆ ಏರುತ್ತದೆ, ಅದೂ ಗೊತ್ತಿತ್ತು. ಬೇಲಾಪುರದ ಖಾಡಿಯಲ್ಲಿ ಒಂದು ಹೊತ್ತು ಕೆಸರು, ಇನ್ನೊಂದು ಹೊತ್ತು ನೀರು — ಆರು ತಿಂಗಳು ನೋಡಿದ್ದೆ. ನೋಡಿದ್ದೆ, ಅಷ್ಟೆ.

ದೋಣಿ ನಿಲ್ಲುವ ಕಲ್ಲಿನ ಕಟ್ಟೆಯ, ಧಕ್ಕೆಯ, ಬುಡದಲ್ಲಿ ಮೈತುಂಬ ಚೂಪು ಸಿಂಪಿ ಚಿಪ್ಪು ಹತ್ತಿದ್ದ ಒಂದು ಕಂಬವಿತ್ತು. ಅದರ ಕೆಳಭಾಗಕ್ಕೆ, ಎತ್ತನ್ನು ಗೂಟಕ್ಕೆ ಕಟ್ಟುವ ಗಂಟಿನಲ್ಲಿ ಹೋಡಿಯನ್ನು ಗಿಡ್ಡಗೆ, ಬಿಗಿಯಾಗಿ ಕಟ್ಟಿದೆ. ಎರಡು ಸಲ ಜಗ್ಗಿ ನೋಡಿದೆ. ಹೆಮ್ಮೆಯಾಯಿತು. ನಂತರ ದಂಡೆಯ ಮೇಲಿನ ಮರದ ನೆರಳಿಗೆ ಹೋಗಿ ಕೂತೆ, ಕೂತಲ್ಲೇ ಒರಗಿದೆ, ನಿದ್ದೆ ಹೋದೆ.

ಎಚ್ಚರವಾದದ್ದು ಜನರ ಕೂಗಿಗೆ. ಸೂರ್ಯ ನೆತ್ತಿಗೆ ಬಂದಿದ್ದ. ನಾನು ನಡೆದುಬಂದಿದ್ದ ಮರಳೂ ಇಲ್ಲ, ಕಲ್ಲುಗಳೂ ಇಲ್ಲ, ಎಲ್ಲ ಕಡೆ ನೀರು. ಕಂಬದ ತಲೆ ಅಷ್ಟೇ ಕಾಣುತ್ತಿತ್ತು. ಹೋಡಿಯ ಮೂತಿಯನ್ನು ನನ್ನ ಹಗ್ಗ ನೀರೊಳಗೆ ಎಳೆದು ಹಿಡಿದಿತ್ತು; ಹಿಂಭಾಗ ಮೇಲೆದ್ದು, ಬಂದ ಪ್ರತಿ ಅಲೆಗೂ ಧಕ್ಕೆಯ ಕಲ್ಲಿಗೆ ಬಡಿಯುತ್ತಿತ್ತು. ನಾನು ನಿಂತೇ ಇದ್ದೆ. ಕೃಷ್ಣಾ ಹೊಳೆಯ ಅಂಬಿಗ!

ಪಾಂಡು ಎಲ್ಲಿಂದಲೋ ಓಡಿಬಂದ. ಕೊಡಗಳನ್ನು ಎಸೆದು, ಚಾಕುವನ್ನು ಹಲ್ಲಲ್ಲಿ ಕಚ್ಚಿಕೊಂಡು ಹಾರಿದ. ಒಂದು ಸಲ ಮುಳುಗಿ ಮೇಲೆ ಬಂದ, ಆಗಲಿಲ್ಲ, ಮತ್ತೆ ಮುಳುಗಿದ. ಕೊನೆಗೆ ಹಗ್ಗ ತುಂಡಾಯಿತು, ಹೋಡಿ ಮಗ್ಗುಲಾಗಿ ತೇಲಿತು. ಅದನ್ನು ತಳ್ಳಿಕೊಂಡು ಮೇಲೆ ಬಂದಾಗ ಅವನ ಎರಡೂ ಮುಂಗೈ ಸಿಂಪಿಗೆ ತರಚಿ ರಕ್ತವಾಗಿದ್ದವು. ಹೋಡಿಯ ಒಂದು ಮಗ್ಗುಲು ಒಡೆದುಹೋಗಿತ್ತು. ಹುಟ್ಟುಗಳು ಎಲ್ಲಿಗೋ ತೇಲಿಹೋಗಿದ್ದವು.

ತಂಡೇಲ ಬಂದ. ಹೋಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಡೆದ ಹಲಗೆಯ ಮೇಲೆ ಕೈ ಇಟ್ಟ. ಆಮೇಲೆ ನನ್ನ ಕಡೆ ನೋಡಿದ.

“ಯಾರಾ ಕಟ್ಟಿದ್ದು ಇದನ್ನ?”

ಕೇಳಿದ್ದು ಕನ್ನಡದಲ್ಲಿ. ಪಾಂಡು ಹತ್ತು ಹೆಜ್ಜೆ ಆಚೆ ಕೂತು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ.

ನಾನು ಎಂದರೆ ಏನಾಗುತ್ತದೆ ಎಂದು ಕ್ಷಣದಲ್ಲಿ ಕಂಡೆ. ತಾಟು ಬೋರಲಾಗುತ್ತದೆ. ಮತ್ತೆ ಆ ಕ್ವಾರಿ, ಆ ಬುಟ್ಟಿ, ನನ್ನ ಜೊತೆ ನಾನೇ ಆಡಿಕೊಳ್ಳುವ ಮಾತು. ಅಷ್ಟಕ್ಕೇ — ಅಷ್ಟರಿಂದ ತಪ್ಪಿಸಿಕೊಳ್ಳುವುದಕ್ಕೆ —

“ಪಾಂಡು” ಎಂದೆ.

ತನ್ನ ಹೆಸರು ಕಿವಿಗೆ ಬಿದ್ದು ಪಾಂಡು ತಲೆ ಎತ್ತಿದ. ನಾವಾಡಿದ್ದರಲ್ಲಿ ಅವನಿಗೆ ತಿಳಿದದ್ದು ಅದೊಂದೇ. ಅವನು ಹೇಗೆ ಹಾರಿ ಹೋಡಿ ಉಳಿಸಿದ ಎಂದು ನಾನು ಹೇಳುತ್ತಿದ್ದೇನೆಂದುಕೊಂಡ. ಏನು ಮಹಾ ಎನ್ನುವ ಹಾಗೆ ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಆಡಿಸಿದ. ನಕ್ಕ.

ತಂಡೇಲನಿಗೆ ನಂಬಿಕೆ ಬರಲಿಲ್ಲ. “ಅಂವ ಕಟ್ಟಿದ್ನಾ? ಎಂಟ್ ವರ್ಷ ಆಯ್ತಲಾ ನನ್ನ ಸಂಗ್ತಿಗೆ...”

“ಹೌದ್ರಿ ಕಾಕಾ. ನೀರು ಏರತೈತಿ, ಸಡಿಲ ಬಿಡು ಅಂತ ನಾ ಹೇಳಿದ್ನಿ. ಕೇಳಲಿಲ್ರಿ.”

ಪಾಂಡು ನನಗೆ ಹೇಳಿದ ಮಾತನ್ನೇ ಕದ್ದು ಅವನ ವಿರುದ್ಧ ನುಡಿದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಷ್ಟು ಬೇಗ, ಅಷ್ಟು ಸಲೀಸಾಗಿ, ಅವನ ಎದುರಿಗೇ, ಅವನ ಮುಖ ನೋಡುತ್ತಲೇ. ಹೆದರಿ ಒಂದು ಮಾತು ಬಾಯಿತಪ್ಪಿ ಬಂತು ಎಂದು ಎಷ್ಟೋ ವರ್ಷ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ. “ಪಾಂಡು” ಎಂದದ್ದು ಹೆದರಿಕೆ ಇರಬಹುದು. ಎರಡನೆಯ ಮಾತು ಹೆದರಿಕೆಯಲ್ಲ.

ಸಂಜೆಗೆ ನೀರು ಮತ್ತೆ ಇಳಿಯಿತು. ಕಂಬ ಮೆಲ್ಲಗೆ ಮೇಲೆ ಬರುತ್ತಿದ್ದಂತೆ ನನಗೆ ಹೊಳೆಯಿತು — ಪಾಂಡು ಕತ್ತರಿಸಿದ್ದು ಹಗ್ಗವನ್ನು, ಗಂಟು ಇನ್ನೂ ಕಂಬದಲ್ಲೇ ಇದೆ. ಎತ್ತಿನ ಗಂಟು. ಯಾವ ಮೀನುಗಾರನೂ ಅದನ್ನು ಹಾಕುವುದಿಲ್ಲ. ತಂಡೇಲ ಒಮ್ಮೆ ನೋಡಿದರೆ ಸಾಕು. ಅವರಿಬ್ಬರೂ ಹೋಡಿಯ ಹಲಗೆ ಬಡಿಯುತ್ತಿದ್ದಾಗ ಕಾಲು ತೊಳೆಯುವ ನೆಪದಲ್ಲಿ ಕೆಸರಿಗಿಳಿದೆ. ನೀರು ಕುಡಿದು ಉಬ್ಬಿದ ಗಂಟು ಬೆರಳಿಗೆ ಬಗ್ಗಲಿಲ್ಲ. ಬಾಯಿ ಹಾಕಿ ಹಲ್ಲಿನಿಂದ ಬಿಚ್ಚಿದೆ. ಆ ತುಂಡನ್ನು ಕೆಸರಿನಲ್ಲಿ ತುಳಿದು ಹೂತೆ.

ಊಟಕ್ಕೆ ದಂಡೆಯ ಮೇಲೆಯೇ ಒಲೆ ಹೂಡಿದ್ದೆವು. ಮೂರು ತಾಟು. ಎರಡು ಮೇಲ್ಮುಖವಾಗಿದ್ದವು, ಒಂದು ಬೋರಲು.

ಪಾಂಡು ಕೈ ತೊಳೆದು ಬಂದವನು ನಿಂತ. ತಾಟನ್ನು ನೋಡಿದ. ತಂಡೇಲನನ್ನು ನೋಡಿದ; ತಂಡೇಲ ಒಲೆಯನ್ನು ನೋಡುತ್ತಿದ್ದ. ನನ್ನನ್ನು ನೋಡಿದ, ನಾನು ಅನ್ನವನ್ನು ನೋಡುತ್ತಿದ್ದೆ. ಅವನ ಬಾಯಿ ಒಂದು ಸಲ ತೆರೆಯಿತು. ಪದ್ಧತಿ ನೆನಪಾಗಿರಬೇಕು, ಮುಚ್ಚಿಕೊಂಡ. ಗಂಟು ಕಟ್ಟಿಕೊಂಡ. ಹೋಗುವ ಮುಂಚೆ ನನ್ನ ಹತ್ತಿರ ಬಂದು ಉಳಿದಿದ್ದ ಮುರುಗಲ ಸಿಪ್ಪೆಯನ್ನು ನನ್ನ ಮುಂದೆ ಇಟ್ಟ. ವಾಪಸು ಹೋಗುವಾಗ ನನಗೆ ಬೇಕಾಗುತ್ತದೆ ಎಂದು.

ಅವತ್ತು ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು. ಹಸಿದಿದ್ದೆ. ಎರಡನೆಯ ಸಲವೂ ಬಡಿಸಿಕೊಂಡೆ.

ಆಮೇಲೆ ಎರಡು ವರ್ಷ ತಂಡೇಲನ ಜೊತೆ ಇದ್ದೆ. ಹಾಯಿ ಕಲಿತೆ, ನೀರು ಕಲಿತೆ. ಪಾಂಡುವಿಗೆ ಕೊಡಬೇಕಾಗಿದ್ದ ಚುಕ್ಕಾಣಿ ನನ್ನ ಕೈಗೆ ಬಂತು. ದಿನವಿಡೀ ಕನ್ನಡ ಆಡಲು ಒಬ್ಬ ಮನುಷ್ಯನಿದ್ದ — ಯಾವುದಕ್ಕಾಗಿ ಅಷ್ಟೆಲ್ಲ ಮಾಡಿದೆನೋ ಅದು. ಆದರೆ ಮಾತು ಎಲ್ಲಿಂದ ಶುರುವಾದರೂ ಆ ಧಕ್ಕೆಯ ಹತ್ತಿರ ಬಂದು ನಿಲ್ಲುತ್ತದೋ ಎಂದು ಹೆದರಿಕೆ. “ಪಾಂಡು ಹಂಗೆ ಮಾಡ್ದ ಹೇಳಿ ಈಗ್ಲೂ ನಂಬೂಕಾಗೂದಿಲ್ಲ ತಮಾ” ಎಂದು ತಂಡೇಲ ಆಗಾಗ ಅನ್ನುತ್ತಿದ್ದ. ನಾನು ಏನೋ ಕೆಲಸವಿದ್ದ ಹಾಗೆ ಏಳುತ್ತಿದ್ದೆ. ಬರಬರುತ್ತ ನಾನೇ ಮಾತು ಕಡಿಮೆ ಮಾಡಿದೆ. ಕ್ವಾರಿಯಲ್ಲಿ ಇದ್ದಾಗ ನನ್ನ ಜೊತೆ ನಾನಾದರೂ ಮಾತಾಡುತ್ತಿದ್ದೆ. ಈಗ ಅದೂ ನಿಂತುಹೋಯಿತು. ಸೇಠ ಮಚವೆ ಮಾರಿ ಲಾರಿ ಕೊಂಡಾಗ ತಂಡೇಲ ಊರಿಗೆ ಹೋದ. ನಾನು ಡೊಂಬಿವಲಿಯ ಒಂದು ಕಾರ್ಖಾನೆ ಸೇರಿದೆ. ಒಂದು ವರ್ಷದೊಳಗೆ ಅವನು ತೀರಿಕೊಂಡ ಸುದ್ದಿ ಬಂತು. ತಾನು ತಪ್ಪು ಮನುಷ್ಯನ ತಾಟನ್ನು ಬೋರಲು ಹಾಕಿದೆ ಎಂದು ತಿಳಿಯದೆಯೇ ಹೋದ.

ಪಾಂಡುವನ್ನು ಯಾವ ದೋಣಿಯವರೂ ಹತ್ತಿಸಿಕೊಳ್ಳಲಿಲ್ಲವಂತೆ. ಕ್ವಾರಿ ಸೇರಿದನಂತೆ — ನಾನು ಬಿಟ್ಟುಬಂದ ಅದೇ ಕ್ವಾರಿ. ಇದು ನನ್ನ ಕಿವಿಗೆ ಬಿದ್ದು ಬಹಳ ವರ್ಷವಾಯಿತು. ನೋಡಲು ಹೋಗಲಿಲ್ಲ.

ಹೋದ ತಿಂಗಳು ಕಾರ್ಖಾನೆಯ ಕೆಲಸಕ್ಕೆಂದು ನೆರೂಳಿಗೆ ಹೋಗಿದ್ದೆ. ಬಸ್ಸಿಗೆ ಕಾಯುತ್ತಿದ್ದಾಗ, ಎದುರಿನ ಅರ್ಧ ಕಟ್ಟಿದ ಬಿಲ್ಡಿಂಗಿನ ವಾಚ್‌ಮನ್ ಎದ್ದು ನನ್ನ ಕಡೆ ನಡೆದುಬಂದ. “ಶರಣಾ?” ಎಂದು ನನ್ನ ಹೆಸರು ಹಿಡಿದು ಕರೆದ. ಪಾಂಡು. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಕಲ್ಲಿನ ಕೆಳಗೆ ಸಿಕ್ಕಿದವಂತೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಹೋಗಿ ಚಹಾ ತಂದ, ತನ್ನ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ತಾನು ನಿಂತ. ಮಕ್ಕಳೆಷ್ಟು, ಹೆಂಡತಿ ಹೇಗಿದ್ದಾಳೆ, ಸಮುದ್ರ ಈಗಲೂ ಹೊಟ್ಟೆ ತೊಳಸುತ್ತದೆಯೇ ಎಂದೆಲ್ಲ ಕೇಳಿದ. ಆಮೇಲೆ ಸಂಕೋಚದಿಂದ ಕೇಳಿದ:

“ತ್ಯಾನಂ ತಾಟ್ ಕಾ ಉಲ್ಟಂ ಕೇಲಂ ರೇ? ತುಲಾ ಠಾವೂಕ್ ಆಹೇ ಕಾ?”

ಅವನು ತಾಟನ್ನು ಯಾಕೆ ಬೋರಲು ಹಾಕಿದ, ನಿನಗೇನಾದರೂ ಗೊತ್ತೇ? ನೀವಿಬ್ಬರೂ ನಿಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದಿರಿ, ನಿನಗಾದರೂ ಹೇಳಿರಬಹುದು ಎಂದ. ಅವತ್ತಿನ ದಿನವನ್ನು ಬೆಳಗಿನಿಂದ ಸಂಜೆಯ ತನಕ ಎಷ್ಟೋ ಸಾವಿರ ಸಲ ನೆನೆಸಿಕೊಂಡಿದ್ದಾನಂತೆ. ಒಂದೇ ಕಾರಣ ತೋರುತ್ತದಂತೆ — ಹೇಳದೆ ಕೇಳದೆ ತಾನು ಹಗ್ಗ ಕತ್ತರಿಸಿದ್ದು. ದೋಣಿಯ ಹಗ್ಗಕ್ಕೆ ಚಾಕು ಹಾಕಬಾರದಾಗಿತ್ತು, ಅದಕ್ಕೇ ತಂಡೇಲನಿಗೆ ನೋವಾಗಿರಬೇಕು. ಹೌದಲ್ಲವೇ ಎಂದು ನನ್ನನ್ನು ಕೇಳಿದ.

ಹೋಡಿಯನ್ನು ಉಳಿಸಿದ್ದೇ ತನ್ನ ತಪ್ಪು ಎಂದು ಹನ್ನೆರಡು ವರ್ಷ ನಂಬಿಕೊಂಡಿದ್ದ.

ಹೇಳಬಹುದಾಗಿತ್ತು. ಕೈಯಲ್ಲಿ ಅವನು ಕೊಟ್ಟ ಚಹಾ ಇತ್ತು, ಎದುರಿಗೆ ಅವನಿದ್ದ, ನನ್ನನ್ನು ಕೆಲಸದಿಂದ ತೆಗೆಯುವವರು ಯಾರೂ ಇರಲಿಲ್ಲ. “ನಾಹೀ ರೇ, ಮಲಾ ಠಾವೂಕ್ ನಾಹೀ” ಎಂದೆ. ನನಗೆ ಗೊತ್ತಿಲ್ಲ. ಬಸ್ಸು ಬಂತು, ಹತ್ತಿದೆ. ಅವನು ಕೈ ಆಡಿಸಿದ, ಅವತ್ತಿನ ಹಾಗೆಯೇ.

ಅಂದಿನಿಂದ ಬರೆಯಬೇಕು ಎನ್ನುವುದೊಂದೇ. ಎದೆ ಹಗುರಾಗುತ್ತದೆ ಎಂದುಕೊಂಡೆ. ಈಗ ಇಷ್ಟು ಬರೆದು ಮೊದಲಿನಿಂದ ಓದಿದರೆ ಬೇರೆಯೇ ಒಂದು ಕಾಣುತ್ತಿದೆ. ನಾನು ಅವತ್ತು ಮಾಡಿದ್ದೇನು? ಪಾಂಡುವಿಗೆ ತಿಳಿಯದ ಮಾತಿನಲ್ಲಿ, ಪಾಂಡುವಿನ ವಿಷಯ, ಬೇರೆಯವರಿಗೆ ಹೇಳಿದೆ. ಇವತ್ತು ಮಾಡುತ್ತಿರುವುದೂ ಅದನ್ನೇ. ಇದನ್ನು ಓದಿ ನೀವು ನನ್ನನ್ನು ಬೈಯಬಹುದು, ಮರುಗಲೂಬಹುದು. ಅವನು ಮಾತ್ರ ನೆರೂಳಿನ ಆ ಬಿಲ್ಡಿಂಗಿನ ಮುಂದೆ, ತಾನು ಹಗ್ಗ ಕತ್ತರಿಸಬಾರದಾಗಿತ್ತು ಎಂದುಕೊಳ್ಳುತ್ತ ಕೂತಿರುತ್ತಾನೆ.

ಬರುವ ಭಾನುವಾರ ನನಗೆ ರಜೆ. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಅಲ್ಲಿಂದ ಬೇಲಾಪುರದ ರಸ್ತೆಯ ಬಸ್ಸು. ಅವನು ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಏನೂ ಅನ್ನದೆ ಎದ್ದುಹೋದರೆ — ಅದಕ್ಕೇ ಹೆಚ್ಚು ಹೆದರಿದ್ದೇನೆ — ಅದನ್ನೂ ನಿಂತು ನೋಡುತ್ತೇನೆ. ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಉದ್ದವಿಲ್ಲ. ಈ ಕಾಗದದ ಮೊದಲ ಸಾಲೇ, ಅವನಿಗೆ ತಿಳಿಯುವ ಮಾತಿನಲ್ಲಿ:

ಪಾಂಡೂ, ಹೋಡೀ ಮೀ ಬಾಂಧಲೀ ಹೋತೀ.